ಮುನ್ನುಡಿಗಾಗಿ ಕಡಲು ದಾಟಿದವರು

ಕನ್ನಡದಲ್ಲಿ ಮೊದಲ ಪುಸ್ತಕ ತರುವ ಯಾರಿಗಾದರೂ ಎದುರಾಗುವ ಮೊದಲ ಪ್ರಶ್ನೆ 'ಮುನ್ನುಡಿ ಯಾರದು?' ಎಂಬುದು. ಕಥೆಗಳು ಹೇಗಿವೆ ಎಂಬ ವಿಚಾರಣೆ ಆಮೇಲೆ. ನಮ್ಮ ಮೊದಲ ಕಥಾಸಂಕಲನದ ಹಸ್ತಪ್ರತಿ ಹಿಡಿದುಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ಹಿತೈಷಿಯೊಬ್ಬರು, "ಯಾರಾದರೂ ಹಿರಿಯರಿಂದ ನಾಲ್ಕು ಸಾಲು ಬರೆಸಿಬಿಡಿ, ನಿಮ್ಮಂಥವರಿಗೆ ಅದು ಬೇಕಾಗುತ್ತದೆ" ಎಂದಿದ್ದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ 'ನಿಮ್ಮಂಥವರಿಗೆ' ಎಂಬ ಆ ಒಂದು ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತು. ಮನೆಮಾತು ಉರ್ದುವಾದವರ ಕನ್ನಡಕ್ಕೆ ಇನ್ಯಾರಾದರೂ ಜಾಮೀನು ನಿಲ್ಲಬೇಕು ಎಂಬುದು ಅದರ ತಾತ್ಪರ್ಯವಾಗಿತ್ತು.

ಉರ್ದು-ಫಾರ್ಸಿ ಪರಂಪರೆಯಲ್ಲೂ ಈ ಪದ್ಧತಿ ಉಂಟು. ಅದನ್ನು 'ತಕ್ರೀಜ್' ಎನ್ನುತ್ತಾರೆ. ಹಿರಿಯರೊಬ್ಬರು ಗ್ರಂಥವನ್ನೂ ಗ್ರಂಥಕರ್ತನನ್ನೂ ಮೆಚ್ಚಿ ಬರೆಯುವ ಮಾತು ಅದು. ಸರ್ ಸೈಯದ್ ಅಹ್ಮದ್ ಖಾನರು 'ಆಈನೆ ಅಕ್ಬರಿ'ಯನ್ನು ಸಂಪಾದಿಸಿ 1855ರಲ್ಲಿ ಮಿರ್ಜಾ ಗಾಲಿಬರಿಂದ ತಕ್ರೀಜ್ ಬಯಸಿದರು. ಗಾಲಿಬರು ಹೊಗಳುವ ಬದಲು, ಸತ್ತ ಕಾಲದ ಆಡಳಿತವನ್ನು ಕೆದಕುವುದರಿಂದ ಏನು ಫಲ, ಕಣ್ಣು ತೆರೆದು ಇಂಗ್ಲಿಷರ ಹೊಸ ಯಂತ್ರಗಳನ್ನು ನೋಡಬಾರದೇ ಎಂಬರ್ಥದ ಫಾರ್ಸಿ ಪದ್ಯವೊಂದನ್ನು ಬರೆದು ಕಳುಹಿಸಿದರು. ಸರ್ ಸೈಯದರು ಅದನ್ನು ಪುಸ್ತಕದಲ್ಲಿ ಸೇರಿಸಲಿಲ್ಲ. ಮುನ್ನುಡಿ ಬರೆಯುವವನಿಗೂ ಬರೆಸಿಕೊಳ್ಳುವವನಿಗೂ ನಡುವೆ ಇರುವುದು ಬರೀ ಸೌಜನ್ಯವಲ್ಲ, ಅಲ್ಲೊಂದು ಅಧಿಕಾರದ ವ್ಯವಹಾರವೂ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ಒಬ್ಬ ಲೇಖಕನ ಈ ಪಾಡು ಒಂದು ಇಡೀ ದೇಶದ ಪಾಡಾದರೆ ಹೇಗಿರುತ್ತದೆ? ಇಂದು ಜಗತ್ತಿಗೆಲ್ಲ ಬುದ್ಧಿ ಹೇಳುವ ಅಮೆರಿಕ, ಸುಮಾರು ನೂರು ವರ್ಷ ಕಾಲ ತನ್ನ ಲೇಖಕರಿಗೆ ಲಂಡನ್ನಿನಿಂದ ಮುನ್ನುಡಿ ಬರಲೆಂದು ಕಾದು ಕುಳಿತಿತ್ತು. ಆ ಕಥೆ ನಮಗೂ ಬೇಕಾದ ಕಥೆ.

ಬಾಸ್ಟನ್ನಿನ ಹದಿನೆಂಟು ಸಹಿಗಳು

1761ರಲ್ಲಿ ಪಶ್ಚಿಮ ಆಫ್ರಿಕದಿಂದ ಗುಲಾಮರನ್ನು ಹೊತ್ತ ಹಡಗೊಂದು ಬಾಸ್ಟನ್ ಬಂದರಿಗೆ ಬಂತು. ಅದರಲ್ಲಿ ಹಾಲುಹಲ್ಲು ಉದುರುತ್ತಿದ್ದ, ಏಳೆಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಜಾನ್ ವ್ಹೀಟ್ಲಿ ಎಂಬಾತನ ಕುಟುಂಬ ಆಕೆಯನ್ನು ಕೊಂಡುಕೊಂಡಿತು. ಹಡಗಿನ ಹೆಸರು 'ಫಿಲಿಸ್'. ಹುಡುಗಿಗೂ ಅದನ್ನೇ ಇಟ್ಟರು. ತಾಯಿ ಕರೆಯುತ್ತಿದ್ದ ಹೆಸರು ಕಡಲಿನಲ್ಲೇ ಕರಗಿಹೋಯಿತು. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಕಲಿತು, ಬೈಬಲ್ ಓದಿ, ಲ್ಯಾಟಿನ್ನಿಗೂ ಕೈಹಾಕಿದ ಫಿಲಿಸ್ ಕವಿತೆ ಬರೆಯತೊಡಗಿದಳು. 1772ರಲ್ಲಿ ಅವನ್ನು ಪುಸ್ತಕವಾಗಿ ತರಲು ಬಾಸ್ಟನ್ನಿನಲ್ಲಿ ಚಂದಾದಾರರನ್ನು ಕೂಡಿಸುವ ಯತ್ನ ನಡೆಯಿತು. ಸಾಕಷ್ಟು ಮಂದಿ ಸಿಗಲಿಲ್ಲ. ಹಸ್ತಪ್ರತಿ ಲಂಡನ್ನಿಗೆ ಹೋಯಿತು.

ಅಲ್ಲಿನ ಪ್ರಕಾಶಕನಿಗೆ ಒಂದು ಪುರಾವೆ ಬೇಕಿತ್ತು. ಗುಲಾಮ ಹುಡುಗಿಯೊಬ್ಬಳು ಇದನ್ನು ಬರೆದಳೆಂದರೆ ನಂಬುವವರಾರು? ಬಾಸ್ಟನ್ನಿನ ಹದಿನೆಂಟು ಮಂದಿ ಗಣ್ಯರು ಈ ಕವಿತೆಗಳು ಆಕೆಯವೇ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಅವರಲ್ಲಿ ಗವರ್ನರ್ ಥಾಮಸ್ ಹಚಿನ್ಸನ್ ಇದ್ದ. ಮುಂದೆ ಸ್ವಾತಂತ್ರ್ಯ ಘೋಷಣೆಗೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ ಜಾನ್ ಹ್ಯಾನ್‌ಕಾಕ್ ಇದ್ದ. ಪಾದ್ರಿಗಳಿದ್ದರು. ಕೊನೆಗೆ ಆಕೆಯ ಒಡೆಯನೂ ಇದ್ದ. 1773ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಹೊರಬಂತು, ಆ ಹದಿನೆಂಟು ಹೆಸರುಗಳನ್ನು ಹೊತ್ತುಕೊಂಡೇ. ಮುನ್ನುಡಿಯ ಇತಿಹಾಸದಲ್ಲಿ ಇಷ್ಟು ಭಾರದ ಮುನ್ನುಡಿ ಇನ್ನೊಂದಿರಲಾರದು.

ಆ ವರ್ಷದ ಬೇಸಿಗೆಯಲ್ಲಿ ಫಿಲಿಸ್ ತಾನೇ ಲಂಡನ್ನಿಗೆ ಹೋಗಿದ್ದಳು. ಅಲ್ಲಿನ ಕುಲೀನರು ಉಪಚರಿಸಿದರು, ಪುಸ್ತಕಗಳನ್ನು ಉಡುಗೊರೆ ಕೊಟ್ಟರು. ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಮಾತಾಡುವ ಬಾಸ್ಟನ್ನಿಗರು ಇಂಥವಳನ್ನು ಗುಲಾಮಳಾಗಿ ಇಟ್ಟುಕೊಂಡಿರುವುದು ನಾಚಿಕೆಗೇಡು ಎಂದು ಲಂಡನ್ನಿನ ವಿಮರ್ಶೆಯೊಂದು ಚುಚ್ಚಿತು. ಊರಿಗೆ ಮರಳಿದ ಮೇಲೆ ಆಕೆಗೆ ಬಿಡುಗಡೆ ಸಿಕ್ಕಿತು. ಇಂಗ್ಲೆಂಡಿನ ಗೆಳೆಯರ ಇಚ್ಛೆಯಂತೆ ಒಡೆಯ ತನ್ನನ್ನು ಬಿಡುಗಡೆ ಮಾಡಿದನೆಂದು ಆಕೆಯೇ ಪತ್ರವೊಂದರಲ್ಲಿ ತಿಳಿಸಿದ್ದಾಳೆ. ಅಂದರೆ ಕಡಲಾಚೆಯ ಮನ್ನಣೆ ಇಲ್ಲಿ ಬರೀ ಮೆರುಗಲ್ಲ, ಅದು ಸಂಕೋಲೆ ಕಳಚಿತು. ಆದರೆ 1779ರಲ್ಲಿ ಎರಡನೆಯ ಪುಸ್ತಕಕ್ಕಾಗಿ ಆಕೆ ಬಾಸ್ಟನ್ನಿನಲ್ಲೇ ಚಂದಾದಾರರನ್ನು ಅರಸಿದಾಗ ಯಾರೂ ಕೈಹಿಡಿಯಲಿಲ್ಲ. ಆಗ ಯುದ್ಧಕಾಲ, ಲಂಡನ್ನಿನ ದಾರಿಯೂ ಮುಚ್ಚಿತ್ತು. 1784ರಲ್ಲಿ, ಮೂವತ್ತು ದಾಟುತ್ತಿದ್ದಂತೆ, ಬಡತನದಲ್ಲಿ ತೀರಿಕೊಂಡಳು. ಆ ಎರಡನೆಯ ಪುಸ್ತಕ ಬರಲೇ ಇಲ್ಲ.

ಕದ್ದ ಪುಸ್ತಕ, ಬೇಡಿದ ಮನ್ನಣೆ

1783ರಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ರಾಜ ಹೋದ, ಆದರೆ ಪುಸ್ತಕದ ಕಪಾಟಿನಲ್ಲಿ ರಾಜನ ಭಾಷೆಯೇ ಉಳಿಯಿತು. ಓದುಗರಿಗೆ ಬೇಕಾಗಿದ್ದುದು ಸ್ಕಾಟ್, ಬೈರನ್, ಆಮೇಲೆ ಡಿಕನ್ಸ್. 1790ರಲ್ಲಿ ಅಮೆರಿಕ ಮಾಡಿಕೊಂಡ ಕೃತಿಸ್ವಾಮ್ಯದ ಕಾಯ್ದೆ ತನ್ನ ಪ್ರಜೆಗಳಿಗೂ ನಿವಾಸಿಗಳಿಗೂ ಮಾತ್ರ ರಕ್ಷಣೆ ಕೊಟ್ಟಿತು. ಪರದೇಶದವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು, ಲೇಖಕನಿಗೆ ಬಿಡಿಕಾಸು ಕೊಡಬೇಕಿರಲಿಲ್ಲ. ಲಂಡನ್ನಿನಲ್ಲಿ ಮೂರು ಸಂಪುಟಗಳ ಕಾದಂಬರಿಯ ಬೆಲೆ 31 ಶಿಲಿಂಗ್ 6 ಪೆನ್ಸ್ ಇದ್ದ ಕಾಲದಲ್ಲಿ ಅದೇ ಕಾದಂಬರಿ ಅಮೆರಿಕದಲ್ಲಿ ಅದರ ಒಂದು ಸಣ್ಣ ಪಾಲಿಗೆ ಸಿಗುತ್ತಿತ್ತು. ಫಿಲಡೆಲ್ಫಿಯದ ಕೇರಿ, ನ್ಯೂಯಾರ್ಕಿನ ಹಾರ್ಪರ್ ಸಹೋದರರು ಮುಂತಾದ ಪ್ರಕಾಶಕರು ಬ್ರಿಟನ್ನಿನಿಂದ ಹಡಗು ಬರುವುದನ್ನೇ ಕಾಯುತ್ತಿದ್ದರು. ಸ್ಕಾಟನ ಹೊಸ ಕಾದಂಬರಿಯ ಹಾಳೆಗಳು ದಡಕ್ಕಿಳಿದರೆ ಒಂದೆರಡು ದಿನಗಳಲ್ಲೇ ಪುಸ್ತಕ ಅಂಗಡಿಯಲ್ಲಿರುತ್ತಿತ್ತು.

ಇದು ಓದುಗರಿಗೆ ಹಬ್ಬ, ಅಮೆರಿಕದ ಲೇಖಕರಿಗೆ ಹಸಿವು. ಪುಕ್ಕಟೆಯಾಗಿ ಸಿಗುವ ಡಿಕನ್ಸನನ್ನು ಬಿಟ್ಟು, ದುಡ್ಡು ಕೊಟ್ಟು ಊರಿನ ಹೊಸಬನನ್ನು ಅಚ್ಚು ಹಾಕುವ ಪ್ರಕಾಶಕ ಯಾರು? ಹೀಗೆ ಕದಿಯುವ ಸ್ವಾತಂತ್ರ್ಯವೇ ಒಂದು ಬಗೆಯ ಗುಲಾಮಗಿರಿಯನ್ನು ಸಾಕಿತು. 1820ರ ಜನವರಿಯಲ್ಲಿ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯಲ್ಲಿ ಸಿಡ್ನಿ ಸ್ಮಿತ್ ಎಂಬ ಪಾದ್ರಿ ಲೇಖಕ, ಅಮೆರಿಕದವನು ಬರೆದ ಪುಸ್ತಕವನ್ನು ಭೂಮಿಯ ಮೇಲೆ ಓದುವವರಾದರೂ ಯಾರಿದ್ದಾರೆ ಎಂದು ಗೇಲಿ ಮಾಡಿದ. ಅದು ಅಮೆರಿಕನ್ನರಿಗೆ ಎಷ್ಟು ನಾಟಿತೆಂದರೆ ದಶಕಗಳ ಕಾಲ ಅದಕ್ಕೆ ಉತ್ತರ ಹೇಳುತ್ತಲೇ ಇದ್ದರು. ಸ್ಮಿತ್ ಅದೇ ಲೇಖನದಲ್ಲಿ ಗುಲಾಮಗಿರಿಯ ಬಗ್ಗೆಯೂ ಕೇಳಿದ್ದ. ಆ ಪ್ರಶ್ನೆ ಅಷ್ಟಾಗಿ ಯಾರಿಗೂ ನಾಟಿದಂತಿಲ್ಲ.

ತಮಾಷೆಯೆಂದರೆ ಅದೇ 1820ರಲ್ಲಿ ಲಂಡನ್ ಒಬ್ಬ ಅಮೆರಿಕನ್ನನನ್ನು ಓದತೊಡಗಿತ್ತು. ವಾಷಿಂಗ್ಟನ್ ಇರ್ವಿಂಗ್ ಮನೆತನದ ವ್ಯಾಪಾರ ನೋಡಿಕೊಳ್ಳಲು ಇಂಗ್ಲೆಂಡಿಗೆ ಬಂದು, ವ್ಯಾಪಾರ ದಿವಾಳಿಯಾದ ಮೇಲೆ ಲೇಖನಿ ಹಿಡಿದವನು. ಅವನ 'ಸ್ಕೆಚ್ ಬುಕ್' ಅನ್ನು ಪ್ರಸಿದ್ಧ ಪ್ರಕಾಶಕ ಜಾನ್ ಮರ್ರೆ ಮೊದಲು ಒಲ್ಲೆ ಎಂದಿದ್ದ. ಮತ್ತೊಬ್ಬ ಪ್ರಕಾಶಕ ಅಚ್ಚು ಹಾಕಿ ಮುಳುಗಿದ. ಆಗ ವಾಲ್ಟರ್ ಸ್ಕಾಟ್ ಮರ್ರೆಗೆ ಒಂದು ಮಾತು ಹೇಳಿದ. ಮರ್ರೆಯ ಬಾಗಿಲು ತೆರೆಯಿತು. ಇದೇ ಇರ್ವಿಂಗ್ ಮುಂದೆ ಸ್ಪೇನಿಗೆ ಹೋಗಿ, ಗ್ರನಾಡದ ಅಲ್‌ಹಂಬ್ರಾ ಅರಮನೆಯಲ್ಲೇ ಕೆಲಕಾಲ ತಂಗಿದ್ದು, 1832ರಲ್ಲಿ ಅದರ ಕಥೆಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಅಂದಲೂಸಿನ ನೆನಪನ್ನು ಇಂಗ್ಲಿಷ್ ಓದುಗರ ಮನೆಮನೆಗೆ ಒಯ್ದವನು ಲಂಡನ್ನಿನ ಒಪ್ಪಿಗೆ ಪಡೆದ ಈ ಅಮೆರಿಕನ್.

1842ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಬಾಸ್ಟನ್ನಿಗೆ ಬಂದಿಳಿದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಊರಿಗೂರೇ ಮುಗಿಬಿತ್ತು. ನ್ಯೂಯಾರ್ಕಿನ ಪಾರ್ಕ್ ಥಿಯೇಟರಿನಲ್ಲಿ ಅವನ ಹೆಸರಿನಲ್ಲೇ ಭಾರೀ ನೃತ್ಯಕೂಟ ನಡೆಯಿತು. ಆದರೆ ಬಾಸ್ಟನ್, ಹಾರ್ಟ್‌ಫರ್ಡ್ ಊರುಗಳ ಔತಣಕೂಟಗಳಲ್ಲಿ ಅವನು ಕೃತಿಸ್ವಾಮ್ಯದ ಮಾತೆತ್ತಿದ. ನನ್ನ ಪುಸ್ತಕ ಮಾರಿ ನೀವು ದುಡ್ಡು ಮಾಡುತ್ತೀರಿ, ನನಗೇಕೆ ಪಾಲಿಲ್ಲ ಎಂಬುದು ಅವನ ಪ್ರಶ್ನೆ. ಪತ್ರಿಕೆಗಳು ಸಿಡಿದೆದ್ದವು. ನಮ್ಮ ಉಪಚಾರ ಉಂಡು ದುಡ್ಡಿನ ಮಾತಾಡುತ್ತಾನೆ ಎಂದು ಬೈದವು. ಹಾಗೆ ಬೈದ ಪತ್ರಿಕೆಗಳಲ್ಲಿ ಹಲವು ಅವನ ಬರಹವನ್ನು ಮರುಮುದ್ರಿಸಿಯೇ ಹೊಟ್ಟೆ ಹೊರೆಯುತ್ತಿದ್ದವು. ಇರ್ವಿಂಗನಂಥ ಅಮೆರಿಕದ ಲೇಖಕರು ಮಾತ್ರ ಡಿಕನ್ಸನ ಪರವಾಗಿದ್ದರು. ಏಕೆಂದರೆ ಇಂಗ್ಲಿಷ್ ಲೇಖಕನಿಗೆ ನ್ಯಾಯ ಸಿಕ್ಕರೆ ಮಾತ್ರ ತಮ್ಮ ಒಲೆಯೂ ಉರಿಯುತ್ತದೆಂದು ಅವರಿಗೆ ಗೊತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಡಿಕನ್ಸ್ ಅಮೆರಿಕವನ್ನು ಟೀಕಿಸಿ ಪ್ರವಾಸಕಥನ ಬರೆದ. ಅದನ್ನೂ ಅಲ್ಲಿ ಕೆಲವೇ ಸೆಂಟುಗಳಿಗೆ ಅಚ್ಚು ಹಾಕಿ ಮಾರಿದರು!

ಕಳ್ಳತನ ಒಂದೇ ದಡದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' ಹೊರಬಂದಾಗ ಅಮೆರಿಕದಲ್ಲಿ ಮೊದಲ ವರ್ಷ ಸುಮಾರು ಮೂರು ಲಕ್ಷ ಪ್ರತಿ ಹೋದವು. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೋದವು, ಬಹುಪಾಲು ಲೇಖಕಿಗೆ ಏನೂ ಕೊಡದ ಮುದ್ರಣಗಳಲ್ಲಿ.

ಎದುರು ದಡದಿಂದ ಬಂದ ಮುನ್ನುಡಿ

ಮುನ್ನುಡಿ ಯಾವಾಗಲೂ ಲಂಡನ್ನಿನಿಂದಲೇ ಹೊರಡುತ್ತಿತ್ತು ಎಂದೇನೂ ಇಲ್ಲ. ಥಾಮಸ್ ಕಾರ್ಲೈಲ್ ನಮ್ಮ ಸಮುದಾಯದ ಓದುಗರಿಗೆ ಪರಿಚಿತ ಹೆಸರು. 1840ರಲ್ಲಿ ವೀರಪುರುಷರ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಪ್ರವಾದಿ ಮುಹಮ್ಮದರನ್ನು ಪ್ರಾಮಾಣಿಕ ವ್ಯಕ್ತಿಯೆಂದು ಎತ್ತಿ ಹೇಳಿದ್ದಕ್ಕಾಗಿ ಉರ್ದು ಪುಸ್ತಕಗಳಲ್ಲಿ ಅವನ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಆ ಕಾರ್ಲೈಲನ 'ಸಾರ್ಟರ್ ರಿಸಾರ್ಟಸ್' ಕೃತಿಯನ್ನು ಮಾಸಪತ್ರಿಕೆಯೊಂದು ಧಾರಾವಾಹಿಯಾಗಿ ಹಾಕಿತ್ತೇ ಹೊರತು ಪುಸ್ತಕ ಮಾಡಲು ಲಂಡನ್ನಿನ ಪ್ರಕಾಶಕರು ಮುಂದೆ ಬಂದಿರಲಿಲ್ಲ. 1836ರಲ್ಲಿ ಅದನ್ನು ಬಾಸ್ಟನ್ನಿನಲ್ಲಿ ಪುಸ್ತಕವಾಗಿಸಿ ಮುನ್ನುಡಿ ಬರೆದವನು ಎಮರ್ಸನ್. ಲಂಡನ್ನಿನಲ್ಲಿ ಅದು ಪುಸ್ತಕವಾದದ್ದು 1838ರಲ್ಲಿ. ಕಾಯ್ದೆಯ ಒತ್ತಾಯವಿಲ್ಲದಿದ್ದರೂ ಕಾರ್ಲೈಲನ ಅಮೆರಿಕನ್ ಆವೃತ್ತಿಗಳ ಲಾಭವನ್ನು ಎಮರ್ಸನ್ ಅವನಿಗೆ ಕಳುಹಿಸಿಕೊಟ್ಟ. 1841ರಲ್ಲಿ ಎಮರ್ಸನ್ನನ ಪ್ರಬಂಧಗಳು ಲಂಡನ್ನಿನಲ್ಲಿ ಬಂದಾಗ ಮುನ್ನುಡಿ ಬರೆದವನು ಕಾರ್ಲೈಲ್. ಕೊಟ್ಟು ತೆಗೆದುಕೊಳ್ಳುವ ಈ ಗೆಳೆತನದಲ್ಲಿ ಯಾರೂ ಯಾರಿಗೂ ಯಜಮಾನನಾಗಿರಲಿಲ್ಲ.

ಆದರೆ ಮುನ್ನುಡಿಯ ಅಧಿಕಾರಕ್ಕೂ ಮನುಷ್ಯತ್ವಕ್ಕೂ ಗಂಟು ಹಾಕಬಾರದು. ಅದೇ ಕಾರ್ಲೈಲ್ 1849ರಲ್ಲಿ ವೆಸ್ಟ್ ಇಂಡೀಸಿನ ಕಪ್ಪು ಜನರ ಬಗ್ಗೆ ಓದಲಾರದಷ್ಟು ಹೀನವಾದ ಲೇಖನವೊಂದನ್ನು ಬರೆದ. ಅವನನ್ನು ಒಂದು ಮಾತಿಗಾಗಿ ಮೆಚ್ಚುವ ನಾವು ಇನ್ನೊಂದನ್ನು ಮುಚ್ಚಿಡಬಾರದು.

ತನ್ನ ಮುನ್ನುಡಿ ತಾನೇ

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಬಾಸ್ಟನ್ನಿನಿಂದ ತನ್ನ ಆತ್ಮಕಥೆ ಪ್ರಕಟಿಸಿದ. ತಾನೇ ಬರೆದದ್ದು ಎಂದು ಶೀರ್ಷಿಕೆಯಲ್ಲೇ ಹೇಳಿದ್ದ. ಆದರೂ ಓದುಗ ಅವನ ಮೊದಲ ಸಾಲಿಗೆ ತಲುಪಬೇಕಾದರೆ ಗ್ಯಾರಿಸನ್ನನ ಮುನ್ನುಡಿ, ವೆಂಡೆಲ್ ಫಿಲಿಪ್ಸನ ಪತ್ರ, ಇವೆರಡನ್ನು ದಾಟಬೇಕಿತ್ತು. ಇಬ್ಬರೂ ಬಿಳಿಯರು, ಗುಲಾಮಗಿರಿಯ ಕಡುವಿರೋಧಿಗಳು, ಒಳ್ಳೆಯವರೇ. ಫಿಲಿಸ್ ವ್ಹೀಟ್ಲಿಯ ಕಾಲಕ್ಕೆ ಹದಿನೆಂಟಿದ್ದ ಸಹಿಗಳು ಎಪ್ಪತ್ತು ವರ್ಷಗಳಲ್ಲಿ ಎರಡಕ್ಕಿಳಿದಿದ್ದವು ಅಷ್ಟೆ.

ಪುಸ್ತಕದಲ್ಲಿ ಒಡೆಯನ ಹೆಸರು ಬರೆದಿದ್ದರಿಂದ ಮತ್ತೆ ಹಿಡಿಯಲ್ಪಡುವ ಭಯವಿತ್ತು. ಆಗಸ್ಟಿನಲ್ಲಿ ಡಗ್ಲಸ್ ಹಡಗು ಹತ್ತಿದ. ಡಬ್ಲಿನ್ನಿನ ಮುದ್ರಕ ರಿಚರ್ಡ್ ವೆಬ್ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದ. ಈ ಆವೃತ್ತಿಗೆ ಡಗ್ಲಸ್ ತಾನೇ ಮುನ್ನುಡಿ ಬರೆದ. ಅಷ್ಟರಲ್ಲಿ ಅಮೆರಿಕದಲ್ಲಿ ಅವನ ಹಳೆಯ ಒಡೆಯರನ್ನು ಬಲ್ಲ ಥಾಮ್ಸನ್ ಎಂಬ ಬಿಳಿಯನೊಬ್ಬ, ತಾನು ಈ ಗುಲಾಮನನ್ನು ಬಲ್ಲೆ, ಅವನಿಗೆ ಇಂಥ ಪುಸ್ತಕ ಬರೆಯುವ ಯೋಗ್ಯತೆಯೇ ಇರಲಿಲ್ಲ ಎಂದು ಪತ್ರಿಕೆಗೆ ಬರೆದ. ಡಗ್ಲಸನಿಗೆ ಅದು ನಿಧಿ ಸಿಕ್ಕಂತಾಯಿತು. ಇವನು ಗುಲಾಮನೇ ಆಗಿರಲಿಲ್ಲ, ನಟಿಸುತ್ತಿದ್ದಾನೆ ಎನ್ನುವವರಿಗೆ ವೈರಿಯೇ ಸಾಕ್ಷಿ ಹೇಳಿದಂತಾಗಿತ್ತು. 1846ರ ಡಬ್ಲಿನ್ ಆವೃತ್ತಿಯಲ್ಲಿ ಆ ಪತ್ರವನ್ನೂ ಅದಕ್ಕೆ ತನ್ನ ಉತ್ತರವನ್ನೂ ಸೇರಿಸಿ, ಥಾಮ್ಸನ್ನನಿಗೆ ಧನ್ಯವಾದ ಹೇಳಿದ. ಅಧಿಕಾರದ ಮೊಹರನ್ನು ಬೇಡದೆ, ಎದುರಾಳಿಯ ಕೈಯಿಂದಲೇ ಒತ್ತಿಸಿಕೊಂಡ ಚಾಣಾಕ್ಷತನ ಇದು.

ಬ್ರಿಟನ್ನಿನ ಗೆಳೆಯರು 150 ಪೌಂಡು ಕೂಡಿಸಿ 1846ರ ಕೊನೆಯಲ್ಲಿ ಅವನ ಬಿಡುಗಡೆಯನ್ನು ಕೊಂಡುಕೊಟ್ಟರು. ಊರಿಗೆ ಮರಳಿ 1847ರ ಡಿಸೆಂಬರಿನಲ್ಲಿ ಸ್ವಂತ ಪತ್ರಿಕೆ 'ನಾರ್ತ್ ಸ್ಟಾರ್' ಆರಂಭಿಸಿದ. ಅದಕ್ಕೂ ಬ್ರಿಟನ್ನಿನ ಹಣದ ನೆರವಿತ್ತು. ಪತ್ರಿಕೆ ಬೇಡ ಎಂದವನು ಮುನ್ನುಡಿ ಬರೆದ ಗ್ಯಾರಿಸನ್ನೇ! ಒಳ್ಳೆಯ ಪೋಷಕನಿಗೂ ತಾನು ಪೋಷಿಸಿದವನು ಎದ್ದು ನಿಂತಾಗ ಕಸಿವಿಸಿಯಾಗುವುದುಂಟು. 1855ರಲ್ಲಿ ಡಗ್ಲಸ್ ತನ್ನ ಬದುಕನ್ನು ಮತ್ತೊಮ್ಮೆ, ಇನ್ನೂ ವಿಸ್ತಾರವಾಗಿ ಬರೆದ. ಈ ಸಲ ಮುನ್ನುಡಿ ಬರೆದವನು ಡಾ. ಜೇಮ್ಸ್ ಮೆಕ್ಯೂನ್ ಸ್ಮಿತ್, ಕಪ್ಪು ವೈದ್ಯ. ಅಮೆರಿಕದ ಕಾಲೇಜುಗಳು ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚಿದ್ದರಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದಿ 1837ರಲ್ಲಿ ವೈದ್ಯನಾಗಿ ಮರಳಿದವನು. ಕಡಲು ದಾಟಿದ ಇಬ್ಬರು ಕಪ್ಪು ಮನುಷ್ಯರು ಒಂದೇ ಪುಸ್ತಕದ ಒಳಗೂ ಬಾಗಿಲಲ್ಲೂ ನಿಂತಿದ್ದರು. ಹದಿನೆಂಟು ಸಹಿಗಳ ಋಣ ಅಲ್ಲಿಗೆ ತೀರಿತು.

ಎರಡು ದಡಗಳ ನಡುವೆ

ಇತ್ತ ಹರ್ಮನ್ ಮೆಲ್ವಿಲ್ ಎಂಬ ಬಿಳಿಯ ಅಮೆರಿಕನ್ನನಿಗೂ ಲಂಡನ್ ಬಿಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ಹಕ್ಕು ಸಿಗಬೇಕಾದರೆ ಪುಸ್ತಕ ಮೊದಲು ಅಲ್ಲೇ ಪ್ರಕಟವಾಗಬೇಕಿತ್ತು. ಹಾಗಾಗಿ ಅವನ ತಿಮಿಂಗಿಲದ ಕಾದಂಬರಿ 1851ರ ಅಕ್ಟೋಬರಿನಲ್ಲಿ ರಿಚರ್ಡ್ ಬೆಂಟ್ಲಿಯಿಂದ 'ದಿ ವ್ಹೇಲ್' ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಬಂತು. ನ್ಯೂಯಾರ್ಕಿನಲ್ಲಿ 'ಮೊಬಿ ಡಿಕ್' ಆಗಿ ನವೆಂಬರಿನಲ್ಲಿ. ಲಂಡನ್ ಆವೃತ್ತಿಯಲ್ಲಿ ರಾಜಮನೆತನ, ಧರ್ಮಗಳಿಗೆ ನೋವಾಗುವ ಮಾತುಗಳಿಗೆ ಕತ್ತರಿ ಬಿದ್ದಿತ್ತು. ಇನ್ನೂ ಕೆಟ್ಟದ್ದೆಂದರೆ ಕೊನೆಯ ಉಪಸಂಹಾರವೇ ಬಿಟ್ಟುಹೋಗಿತ್ತು. ಹಡಗು ಮುಳುಗಿ ಎಲ್ಲರೂ ಸತ್ತರೆ ಈ ಕಥೆ ಹೇಳುತ್ತಿರುವವನು ಯಾರು ಎಂದು ಅಲ್ಲಿನ ವಿಮರ್ಶಕರು ಅಣಕಿಸಿದರು. ಅವನು ಬದುಕುಳಿದ ವಿವರ ಆ ಬಿಟ್ಟುಹೋದ ಪುಟದಲ್ಲೇ ಇತ್ತು.

ಆ ಪುಟ ಅಮೆರಿಕದ ಆವೃತ್ತಿಯಲ್ಲಿತ್ತು. ಆದರೂ ಅಲ್ಲಿನ ಪತ್ರಿಕೆಗಳು ಲಂಡನ್ನಿನ ನಿಂದೆಯನ್ನೇ ಎತ್ತಿ ಹಾಕಿದವು. ಬಾಸ್ಟನ್ನಿನ ಪತ್ರಿಕೆಯೊಂದು ಲಂಡನ್ನಿನ 'ಅಥೆನಿಯಂ' ತೀರ್ಪನ್ನೇ ನೆಚ್ಚಿಕೊಂಡಿತು. ಕೈಯಲ್ಲಿರುವ ಪುಸ್ತಕವನ್ನು ಬಿಡಿಸಿ ನೋಡುವ ಬದಲು ದೂರದವರ ಮಾತನ್ನು ನಂಬುವುದು ಎಂದರೆ ಇದೇ. ಮೆಲ್ವಿಲ್ ಕ್ರಮೇಣ ಮರೆಗೆ ಸರಿದ. 19 ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ ದುಡಿದ. 1891ರ ಜುಲೈ 1ರಂದು ಅಮೆರಿಕದಲ್ಲಿ ಪರದೇಶದ ಲೇಖಕರಿಗೂ ಹಕ್ಕು ಕೊಡುವ ಕಾಯ್ದೆ ಕೊನೆಗೂ ಜಾರಿಗೆ ಬಂತು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 28ರಂದು, ಮೆಲ್ವಿಲ್ ತೀರಿಕೊಂಡ.

ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದರಲ್ಲೂ ಎರಡು ದಡಗಳ ಕೈ ಇತ್ತು. ನ್ಯೂಯಾರ್ಕಿನ ರೇಮಂಡ್ ವೀವರ್ 1921ರಲ್ಲಿ ಅವನ ಜೀವನಚರಿತ್ರೆ ಬರೆದರು. ಲಂಡನ್ನಿನ ಕಾನ್‌ಸ್ಟೇಬಲ್ ಸಂಸ್ಥೆ ಸಮಗ್ರ ಕೃತಿಗಳನ್ನು ತಂದಿತು. ಡಿ.ಎಚ್. ಲಾರೆನ್ಸ್ 1923ರ ತನ್ನ ಗ್ರಂಥದಲ್ಲಿ ಅವನನ್ನು ಎತ್ತಿ ಹಿಡಿದ. ಮೆಲ್ವಿಲ್ ಹಸ್ತಪ್ರತಿಯಾಗಿಯೇ ಬಿಟ್ಟುಹೋಗಿದ್ದ 'ಬಿಲ್ಲಿ ಬಡ್' ಮೊದಲು ಬೆಳಕು ಕಂಡದ್ದು 1924ರಲ್ಲಿ, ಲಂಡನ್ನಿನಲ್ಲಿ. ಕೆಡವಿದ ಊರೇ ಎತ್ತಿ ನಿಲ್ಲಿಸಲು ಕೈಕೊಟ್ಟಿತು.

ಆಮೇಲಿನ ಕಥೆ ವೇಗವಾಗಿ ಓಡುತ್ತದೆ. ರಾಬರ್ಟ್ ಫ್ರಾಸ್ಟನ ಮೊದಲ ಕವನಸಂಕಲನ 1913ರಲ್ಲಿ ಲಂಡನ್ನಿನಲ್ಲಿ ಬಂದಾಗ ಅವನ ವಯಸ್ಸು ನಲವತ್ತರ ಹತ್ತಿರ. ಅಮೆರಿಕದಲ್ಲಿ ಹುಟ್ಟಿದ ಎಲಿಯಟ್ 1927ರಲ್ಲಿ ಬ್ರಿಟಿಷ್ ಪ್ರಜೆಯಾದ, ಇಂಗ್ಲೆಂಡಿನ ಆಡೆನ್ 1946ರಲ್ಲಿ ಅಮೆರಿಕದ ಪ್ರಜೆಯಾದ. 1930ರಲ್ಲಿ ಸಿಂಕ್ಲೇರ್ ಲೂಯಿಸ್‌ಗೆ ನೊಬೆಲ್ ಬಂದಾಗ ಸಿಡ್ನಿ ಸ್ಮಿತ್ತನ ಪ್ರಶ್ನೆಗೆ ಅರ್ಥವೇ ಉಳಿದಿರಲಿಲ್ಲ. ಲಂಡನ್ನಿನ ಬೂಕರ್ ಪ್ರಶಸ್ತಿ 2014ರಲ್ಲಿ ಅಮೆರಿಕನ್ನರಿಗೂ ಬಾಗಿಲು ತೆರೆದಾಗ ಹೆದರಿದವರು ಬ್ರಿಟಿಷರು, ಇವರು ಬಂದರೆ ನಮ್ಮವರಿಗೆ ಜಾಗವಿರದು ಎಂದು! 2016ರಲ್ಲಿ ಪಾಲ್ ಬೀಟಿ ಅದನ್ನು ಗೆದ್ದ ಮೊದಲ ಅಮೆರಿಕನ್ ಆದರು. ಅವರು ಕಪ್ಪು ಜನಾಂಗದವರು ಎಂಬುದನ್ನು ಫಿಲಿಸ್ ವ್ಹೀಟ್ಲಿಯ ನೆನಪಿನೊಂದಿಗೆ ಓದಿಕೊಳ್ಳಬಹುದು.

ನಮ್ಮ ಮಾತು

2025ರ ಮೇ 20ರಂದು ಅದೇ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದ 'ಹಾರ್ಟ್ ಲ್ಯಾಂಪ್'ಗೆ, ಅಂತಾರಾಷ್ಟ್ರೀಯ ಬೂಕರ್ ಬಂತು. ನಾವೂ ಕುಣಿದು ಕುಪ್ಪಳಿಸಿದೆವು. ಮಾರನೆಯ ದಿನದಿಂದಲೇ ಹಲವರು, ಇವರ ಯಾವ ಪುಸ್ತಕ ಓದಬೇಕು ಎಂದು ನಮ್ಮನ್ನು ಕೇಳತೊಡಗಿದರು. ಅವರು ಕನ್ನಡದಲ್ಲಿ ಬರೆಯಲು ಆರಂಭಿಸಿ ದಶಕಗಳೇ ಆಗಿದ್ದವು. ಪುಸ್ತಕಗಳು ಇಲ್ಲೇ, ನಮ್ಮ ಗ್ರಂಥಾಲಯದ ಕಪಾಟಿನಲ್ಲೇ ಇದ್ದವು. ಲಂಡನ್ನಿನ ಸಂಭ್ರಮ ತಪ್ಪಲ್ಲ. ಆದರೆ ಆ ಬಾಸ್ಟನ್ ಪತ್ರಿಕೆಯ ಸಂಪಾದಕ ನಮ್ಮೊಳಗೂ ಕುಳಿತಿಲ್ಲವೇ ಎಂದು ಕೇಳಿಕೊಂಡರೆ ಒಳ್ಳೆಯದು.

ಕಡಲಾಚೆಯ ಮನ್ನಣೆಯೇ ಬೇಡ ಎಂದು ಬಾಗಿಲು ಹಾಕಿಕೊಂಡಿದ್ದರೆ ಫಿಲಿಸ್ ವ್ಹೀಟ್ಲಿಯ ಪುಸ್ತಕ ಇರುತ್ತಿರಲಿಲ್ಲ, ಡಗ್ಲಸನ ಪತ್ರಿಕೆ ಇರುತ್ತಿರಲಿಲ್ಲ. ಅದನ್ನೇ ನೆಚ್ಚಿ ಕುಳಿತಿದ್ದಕ್ಕೆ ಮೆಲ್ವಿಲ್ ಮುಳುಗಿದ. ಡಗ್ಲಸ್ ನಡುವಿನ ದಾರಿ ತೋರಿದ. ನೆರವು ಪಡೆದ, ಗೆಳೆತನ ಉಳಿಸಿಕೊಂಡ, ಆದರೆ ತನ್ನ ಪುಸ್ತಕದ ಬಾಗಿಲಲ್ಲಿ ಯಾರು ನಿಲ್ಲಬೇಕೆಂಬುದನ್ನು ಕೊನೆಗೆ ತಾನೇ ತೀರ್ಮಾನಿಸಿದ.

ಈಚೆಗೆ ಕೆಲವು ಹೊಸಬರು ಮುನ್ನುಡಿ ಕೇಳಿಕೊಂಡು ನಮ್ಮ ಮನೆಗೂ ಬರುತ್ತಾರೆ. ಹಿಂದೆ ಹಸ್ತಪ್ರತಿ ಹಿಡಿದು ನಿಂತಿದ್ದ ನಾವು ಈಗ ಮೊಹರು ಹಿಡಿದವರ ಕಡೆ ಕುಳಿತಿದ್ದೇವೆ. ಅವರ ಕಥೆಗಳನ್ನು ಓದುತ್ತೇವೆ, ಅನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತೇವೆ, ಬೇಕೆಂದರೆ ಬೆನ್ನುಡಿ ಬರೆದುಕೊಡುತ್ತೇವೆ. ಮೊದಲ ಎರಡು ಪುಟ ಮಾತ್ರ ನೀವೇ ಬರೆಯಿರಿ ಎನ್ನುತ್ತೇವೆ. ಕೆಲವರು ನಿರಾಶರಾಗಿ ಎದ್ದುಹೋಗುತ್ತಾರೆ. ಕೆಲವರು ಬರೆದು ತರುತ್ತಾರೆ.